ಸರ್ವರ್ ಸ್ಲೋ ಆದರೆ ಎಲ್ಲಿಂದ ಹುಡುಕಬೇಕು? ಕೋಲಾರದ ಒಂದು ಮಂಡಿಯ ಸರ್ವರ್ ಇಟ್ಟುಕೊಂಡು ಸಮಗ್ರ ಮಾರ್ಗದರ್ಶಿ

ಜುಲೈ ತಿಂಗಳಲ್ಲಿ ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. 15 ಕೆಜಿ ಟೊಮೆಟೊ ಬಾಕ್ಸ್‌ಗಳು ಆಳೆತ್ತರ ನಿಂತಿರುತ್ತವೆ. ಹರಾಜು ಮುಗಿದ ತಕ್ಷಣ ರೈತರೆಲ್ಲ ಒಟ್ಟಿಗೆ ಮಂಡಿಯ ಗಲ್ಲಾದ ಮುಂದೆ ಬರುತ್ತಾರೆ. ಬಿಲ್ ಆಗಬೇಕು, ದುಡ್ಡು ಎಣಿಸಿಕೊಳ್ಳಬೇಕು, ಊರಿನ ಟೆಂಪೊ ಹೊರಡುವ ಮೊದಲು ಹತ್ತಬೇಕು.

ಅಂಥ ಒಂದು ಬೆಳಿಗ್ಗೆ ನನಗೆ ಫೋನ್ ಬಂತು. "ಸಾರ್, ಬಿಲ್ ಬರ್ತಾ ಇಲ್ಲ. ಬಟನ್ ಒತ್ತಿದ್ರೆ ಸುತ್ತುತಾನೇ ಐತೆ. ರೈತರು ನಿಂತವ್ರೆ." ನಾನು ಹೋಗುವ ಹೊತ್ತಿಗೆ ಮಾಲೀಕರು ಹೊಸ ಸರ್ವರಿಗೆ ಕೊಟೇಶನ್ ತರಿಸಿಯಾಗಿತ್ತು. ಕೊನೆಗೆ ಹೊಸ ಸರ್ವರ್ ಬೇಕಾಗಲೇ ಇಲ್ಲ. ಡೇಟಾಬೇಸಿನಲ್ಲಿ ಒಂದು ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿಯ ಹಾಗೆ, ಹುಡುಕುವುದನ್ನು ಬೇಗ ಮಾಡಿಸುವಂಥದ್ದು) ಇರಲಿಲ್ಲ, ಒಂದು ಸೆಟ್ಟಿಂಗ್ ಹಾಕಿದವರು ಹಾಕಿದ ಹಾಗೇ ಉಳಿದಿತ್ತು. ಅದನ್ನು ಕಂಡುಹಿಡಿದ ದಾರಿಯನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ನಿಮ್ಮದು ಕಾಲೇಜಿನ ಸರ್ವರ್ ಇರಬಹುದು, ಸೊಸೈಟಿಯದ್ದಿರಬಹುದು. ದಾರಿ ಮಾತ್ರ ಇದೇ.

ಆ ಮಂಡಿಯ ಸರ್ವರ್ ಹೀಗಿತ್ತು: 4 ಕೋರ್ ಸಿಪಿಯು, 8 ಜಿಬಿ ರ‍್ಯಾಮ್, ನಿಮಿಷಕ್ಕೆ 7200 ಸುತ್ತಿನ ಹಾರ್ಡ್ ಡಿಸ್ಕ್, ಅದರ ಮೇಲೆ ಉಬುಂಟು (ಲಿನಕ್ಸ್ ಬಗೆಯ ಆಪರೇಟಿಂಗ್ ಸಿಸ್ಟಮ್), ಎನ್‌ಜಿನ್‌ಎಕ್ಸ್ (ಬ್ರೌಸರಿನ ಕೋರಿಕೆ ತೆಗೆದುಕೊಳ್ಳುವ ವೆಬ್ ಸರ್ವರ್), ಪಿಎಚ್‌ಪಿ (ಬಿಲ್ ಪ್ರೋಗ್ರಾಂ ಓಡಿಸುವುದು), ಮಾರಿಯಾಡಿಬಿ (ಡೇಟಾಬೇಸ್). ಕಮಾಂಡ್‌ಗಳ ಹೆಸರನ್ನು ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಅದೇ ಉಚ್ಚಾರದ ಇಂಗ್ಲಿಷ್ ಸಣ್ಣ ಅಕ್ಷರಗಳನ್ನು ಬಳಸಿ.

ಹೆಜ್ಜೆ 1: ಸರ್ವರ್ ಚೆನ್ನಾಗಿರುವಾಗಲೇ ಅಳೆದಿಟ್ಟುಕೊಳ್ಳಿ

ನಮ್ಮ ಕಡೆ ಬೋರ್‌ವೆಲ್ ಇರುವ ರೈತರನ್ನು ನೋಡಿ. ಸ್ಟಾರ್ಟರ್ ಬೋರ್ಡಿನಲ್ಲಿ ಒಂದು ಆಂಪ್ ಮೀಟರ್ ಇರುತ್ತದೆ. ಮೋಟಾರ್ ಆನ್ ಮಾಡಿದ ತಕ್ಷಣ ಅವರ ಕಣ್ಣು ಅಲ್ಲಿಗೆ ಹೋಗುತ್ತದೆ. ದಿನಾ ಎಷ್ಟು ಆಂಪ್ ತೋರಿಸುತ್ತದೆ ಅಂತ ಅವರಿಗೆ ಬಾಯಿಪಾಠ. ಮುಳ್ಳು ಇಳಿದರೆ ನೀರು ಕೆಳಗೆ ಹೋಗಿದೆ ಅಂತ ಲೆಕ್ಕ. ಏರಿದರೆ ಮೋಟಾರ್ ಎಲ್ಲೋ ಹಿಡಿಯುತ್ತಿದೆ ಅಂತ. ಆ ಮೀಟರನ್ನು ಮೋಟಾರ್ ಕೆಟ್ಟ ದಿನ ಮೊದಲ ಸಲ ನೋಡಿದವನಿಗೆ ಏನೂ ಗೊತ್ತಾಗುವುದಿಲ್ಲ, ಅಲ್ವಾ? ಸರ್ವರ್ ಕೂಡ ಹಾಗೆಯೇ. "ಸಿಪಿಯು 60 ಪರ್ಸೆಂಟ್" ಅನ್ನುವುದು ಒಳ್ಳೆಯದೋ ಕೆಟ್ಟದ್ದೋ ಅಂತ ಆ ಅಂಕಿಯೇ ಹೇಳುವುದಿಲ್ಲ. ಹೋದ ವಾರ ಇದೇ ಹೊತ್ತಿಗೆ ಎಷ್ಟಿತ್ತು ಅನ್ನುವುದು ಹೇಳುತ್ತದೆ.

ಇದಕ್ಕೆ ದೊಡ್ಡ ವ್ಯವಸ್ಥೆ ಏನೂ ಬೇಡ. ಸಿಸ್‌ಸ್ಟ್ಯಾಟ್ ಅನ್ನುವ ಪ್ಯಾಕೇಜ್ ಹಾಕಿಕೊಳ್ಳಿ. ಹಳೆಯದು, ಹಗುರ, ನಂಬಬಹುದು. ಉಬುಂಟುವಿನಲ್ಲಿ ಇನ್‌ಸ್ಟಾಲ್ ಮಾಡಿದರಷ್ಟೇ ಸಾಲದು. ಇಟಿಸಿ ಫೋಲ್ಡರಿನ ಡೀಫಾಲ್ಟ್ ಒಳಗೆ ಸಿಸ್‌ಸ್ಟ್ಯಾಟ್ ಅಂತ ಒಂದು ಫೈಲ್ ಇದೆ. ಅದರಲ್ಲಿ "ಎನೇಬಲ್ಡ್" ಅನ್ನುವ ಸಾಲನ್ನು "ಟ್ರೂ" ಮಾಡಿ ಸರ್ವಿಸ್ ರೀಸ್ಟಾರ್ಟ್ ಮಾಡಬೇಕು. ಇದನ್ನು ಮರೆತು, ಬೇಕಾದ ದಿನ ಫೈಲ್ ಖಾಲಿ ಕಂಡು ಕೈ ಹಿಸುಕಿಕೊಂಡವರು ತುಂಬಾ ಜನ.

ಇದು ಸಾಮಾನ್ಯವಾಗಿ 10 ನಿಮಿಷಕ್ಕೊಮ್ಮೆ ಅಳತೆ ಬರೆದಿಡುತ್ತದೆ. ಮಂಡಿಗೆ ಅದು ಸಾಲುವುದಿಲ್ಲ. ಹರಾಜು ಮುಗಿದ ಮೇಲಿನ ಗದ್ದಲ 20 ನಿಮಿಷದ್ದು. 10 ನಿಮಿಷದ ಸರಾಸರಿಯಲ್ಲಿ ಆ ಏರಿಳಿತ ಕರಗಿಹೋಗುತ್ತದೆ. ನಾನು ಟೈಮರನ್ನು 1 ನಿಮಿಷಕ್ಕೆ ಇಳಿಸಿದೆ. ಡಿಸ್ಕಿನಲ್ಲಿ ಹಿಡಿಯುವ ಜಾಗ ಲೆಕ್ಕಕ್ಕೇ ಬಾರದಷ್ಟು. ಹಾಗೆಯೇ "ಹಿಸ್ಟರಿ" ಅನ್ನುವ ಅಂಕಿಯನ್ನೂ ಏರಿಸಿ. ಇಲ್ಲದಿದ್ದರೆ ಹಳೆಯ ದಿನಗಳ ದಾಖಲೆ ಬೇಗ ಅಳಿಸಿಹೋಗುತ್ತದೆ.

ಇನ್ನೊಂದು ಚಿಕ್ಕ ಕೆಲಸ: ಟೈಮ್‌ಡೇಟ್‌ಸಿಟಿಎಲ್ ಕಮಾಂಡ್ ಕೊಟ್ಟು ಗಡಿಯಾರ ಸರಿಯಿದೆಯಾ, ಟೈಮ್ ಝೋನ್ ಭಾರತದ್ದೇ ಇದೆಯಾ ನೋಡಿಕೊಳ್ಳಿ. "ಎಂಟೂವರೆಗೆ ನಿಂತುಹೋಯ್ತು" ಅಂತ ಗಲ್ಲಾದವರು ಹೇಳುತ್ತಾರೆ. ಸರ್ವರಿನ ಗಡಿಯಾರ ಗ್ರೀನಿಚ್ ಸಮಯದಲ್ಲಿದ್ದರೆ ಲಾಗ್‌ನಲ್ಲಿ (ಸರ್ವರ್ ಬರೆದಿಡುವ ದಿನಚರಿಯಲ್ಲಿ) ಅದು 3 ಗಂಟೆ ಅಂತ ಇರುತ್ತದೆ. ನೀವು ತಪ್ಪು ಜಾಗದಲ್ಲಿ ಹುಡುಕುತ್ತಾ ಕೂರುತ್ತೀರಿ.

ಹೆಜ್ಜೆ 2: "ಸ್ಲೋ" ಅನ್ನುವ ಮಾತನ್ನು ಅಂಕಿ ಮಾಡಿ

ಯಾರಾದರೂ ಸ್ಲೋ ಅಂದರೆ ಕೂಡಲೇ ಟರ್ಮಿನಲ್ ತೆರೆಯಬೇಡಿ. ಮೊದಲು ಕೇಳಿ. ಯಾವ ಪುಟ ಸ್ಲೋ? ಎಲ್ಲ ಕಂಪ್ಯೂಟರಿನಲ್ಲೂ ಹಾಗೇನಾ, ಒಂದರಲ್ಲಿ ಮಾತ್ರವಾ? ಎಷ್ಟು ಹೊತ್ತಿಗೆ ಶುರುವಾಗುತ್ತದೆ? ಮೊನ್ನೆ ಹೇಗಿತ್ತು? ಏನಾದರೂ ಹೊಸದು ಹಾಕಿದ್ರಾ? ಆ ಮಂಡಿಯಲ್ಲಿ ಬಿಲ್ ಬರೆಯುವ ಹುಡುಗ ಒಂದು ಮಾತು ಹೇಳಿದ: "ರೈತರ ಫೋನ್ ನಂಬರ್ ಹಾಕಿದಾಗ ಸುತ್ತುತ್ತೆ. ಆಮೇಲೆ ಎಲ್ಲಾ ಬೇಗ ಆಗುತ್ತೆ." ಆ ಮಾತಿನಲ್ಲೇ ಅರ್ಧ ಉತ್ತರ ಇತ್ತು. ನಾನು ಅದನ್ನು ಪುಸ್ತಕದಲ್ಲಿ ಬರೆದುಕೊಂಡೆ.

ಆಮೇಲೆ ಅಳತೆ. ಎನ್‌ಜಿನ್‌ಎಕ್ಸ್‌ನ ಲಾಗ್ ಸಾಲಿನಲ್ಲಿ ಎರಡು ವೇರಿಯಬಲ್ ಸೇರಿಸಿಕೊಳ್ಳಿ: ರಿಕ್ವೆಸ್ಟ್ ಟೈಮ್ ಮತ್ತು ಅಪ್‌ಸ್ಟ್ರೀಮ್ ರೆಸ್ಪಾನ್ಸ್ ಟೈಮ್. ಮೊದಲನೆಯದು ಒಂದು ಕೋರಿಕೆಗೆ ಒಟ್ಟು ಹಿಡಿದ ಸಮಯ. ಎರಡನೆಯದು ಅದರಲ್ಲಿ ಪಿಎಚ್‌ಪಿ ಕಡೆಯಿಂದ ಉತ್ತರ ಬರಲು ಹಿಡಿದದ್ದು. ಎರಡೂ ಹತ್ತಿರ ಹತ್ತಿರ ಇದ್ದರೆ ತೊಂದರೆ ಸರ್ವರಿನ ಒಳಗಿದೆ. ಮೊದಲನೆಯದು ಜಾಸ್ತಿ, ಎರಡನೆಯದು ಕಡಿಮೆ ಅಂದರೆ ನೆಟ್‌ವರ್ಕ್ ಕಡೆ ನೋಡಿ.

ಇಲ್ಲಿ ಸರಾಸರಿಯನ್ನು ಮಾತ್ರ ನಂಬಬೇಡಿ. 100 ಬಿಲ್ ಇವೆ ಅಂದುಕೊಳ್ಳಿ. 95 ಬಿಲ್ ತಲಾ 0.2 ಸೆಕೆಂಡಿನಲ್ಲಿ ಮುಗಿದವು, 5 ಬಿಲ್ ತಲಾ 12 ಸೆಕೆಂಡ್ ತೆಗೆದುಕೊಂಡವು. ಸರಾಸರಿ 0.79 ಸೆಕೆಂಡ್. ಕಾಗದದ ಮೇಲೆ ಎಲ್ಲ ಚೆನ್ನಾಗಿದೆ. ಆದರೆ 12 ಸೆಕೆಂಡ್ ಕಾದ ಆ ಐದು ಜನ ಗಲ್ಲಾದ ಮುಂದೆ ನಿಂತಿದ್ದಾರೆ. ಅವರ ಹಿಂದೆ ಸಾಲು ಬೆಳೆಯುತ್ತಿದೆ. ಅದಕ್ಕೇ ಸಮಯಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ. 1000 ಸಾಲಿದ್ದರೆ 500ನೆಯದು, 950ನೆಯದು, 990ನೆಯದು ಈ ಮೂರನ್ನು ನೋಡಿ. ಮಧ್ಯದವರ ಪಾಡು ಏನು, ಕೊನೆಯವರ ಪಾಡು ಏನು ಅಂತ ತಿಳಿಯುತ್ತದೆ. ನಮ್ಮಲ್ಲಿ ಗದ್ದಲದ ಹೊತ್ತಿನ 950ನೆಯ ಅಂಕಿ 40 ಸೆಕೆಂಡ್ ದಾಟಿತ್ತು.

ಹೆಜ್ಜೆ 3: ಮೊದಲ ಐದು ನಿಮಿಷ

ಸರ್ವರ್ ಒದ್ದಾಡುತ್ತಿರುವಾಗಲೇ ಒಳಗೆ ಹೋಗಿ. ರೀಸ್ಟಾರ್ಟ್ ಮಾಡುವ ಆಸೆ ತಡೆದುಕೊಳ್ಳಿ. ರೀಸ್ಟಾರ್ಟ್ ಮಾಡಿದರೆ ಸಾಕ್ಷಿಯೆಲ್ಲ ಅಳಿಸಿಹೋಗುತ್ತದೆ, ನಾಳೆ ಮತ್ತೆ ಇದೇ ಕಥೆ. ನಾನು ನೋಡುವ ಕ್ರಮ: ಅಪ್‌ಟೈಮ್, ಡಿಎಂಇಎಸ್‌ಜಿ, ವಿಎಂಸ್ಟ್ಯಾಟ್, ಫ್ರೀ, ಡಿಎಫ್, ಐಒಸ್ಟ್ಯಾಟ್, ಕೊನೆಗೆ ಟಾಪ್.

ಅಪ್‌ಟೈಮ್ ಕೊಟ್ಟರೆ ಕೊನೆಯಲ್ಲಿ ಮೂರು ಅಂಕಿ ಬರುತ್ತವೆ. ಇವೇ ಲೋಡ್ ಆವರೇಜ್. ಕಳೆದ 1, 5 ಮತ್ತು 15 ನಿಮಿಷಗಳದ್ದು. ಮೊದಲನೆಯದು ದೊಡ್ಡದು, ಕೊನೆಯದು ಚಿಕ್ಕದು ಅಂದರೆ ತೊಂದರೆ ಈಗ ಏರುತ್ತಿದೆ. ಉಲ್ಟಾ ಇದ್ದರೆ ಇಳಿಯುತ್ತಿದೆ. ನಾಲ್ಕು ಕೋರ್ ಅಂದರೆ ನಾಲ್ಕು ಜನ ಹಮಾಲರು ಅಂದುಕೊಳ್ಳಿ. ಲೋಡ್ 4 ಅಂದರೆ ಪ್ರತಿಯೊಬ್ಬರ ತಲೆಯ ಮೇಲೂ ಒಂದು ಬಾಕ್ಸ್. ನಮ್ಮ ಸರ್ವರಿನಲ್ಲಿ 14 ಇತ್ತು.

14 ನೋಡಿದ ಕೂಡಲೇ ಎಲ್ಲರೂ "ಸಿಪಿಯು ಸಾಲ್ತಾ ಇಲ್ಲ" ಅನ್ನುತ್ತಾರೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಲಿನಕ್ಸ್‌ನಲ್ಲಿ 1993ರಿಂದ ಲೋಡ್ ಲೆಕ್ಕಕ್ಕೆ ಸಿಪಿಯುಗಾಗಿ ಕಾಯುವವರ ಜೊತೆ, ಡಿಸ್ಕಿನಂಥ ಕೆಲಸಕ್ಕೆ ಕಾದು ಅಲ್ಲಾಡದೆ ಕುಳಿತವರನ್ನೂ ಸೇರಿಸುತ್ತಾರೆ. ಟಾಪ್‌ನಲ್ಲಿ ಇವರ ಮುಂದೆ "ಡಿ" ಅಕ್ಷರ ಕಾಣುತ್ತದೆ. ಅಂದರೆ ಹಮಾಲರು ಖಾಲಿ ಕೂತಿದ್ದರೂ ಲೋಡ್ 14 ಆಗಬಹುದು, ಲಾರಿ ಬರದೆ ಬಾಕ್ಸ್‌ಗಳು ನಿಂತಿದ್ದರೆ. ಲೋಡ್ ಎಷ್ಟು ಅನ್ನುವುದರ ಜೊತೆಗೆ ಯಾವುದಕ್ಕೆ ಕಾಯುತ್ತಿದ್ದಾರೆ ಅನ್ನುವುದೂ ಬೇಕು.

ಅದನ್ನು ವಿಎಂಸ್ಟ್ಯಾಟ್ ಹೇಳುತ್ತದೆ. ಪಕ್ಕದಲ್ಲಿ 5 ಅಂತ ಕೊಟ್ಟರೆ 5 ಸೆಕೆಂಡಿಗೊಂದು ಸಾಲು ಬರುತ್ತದೆ. ಮೊದಲ ಸಾಲನ್ನು ಬಿಟ್ಟುಬಿಡಿ. ಅದು ಸರ್ವರ್ ಆನ್ ಆದಾಗಿನಿಂದ ಇಲ್ಲಿಯವರೆಗಿನ ಸರಾಸರಿ, ಈಗಿನದ್ದಲ್ಲ. ಎಡಗಡೆ "ಆರ್" ಅಂದರೆ ಓಡುತ್ತಿರುವ ಮತ್ತು ಸಿಪಿಯುಗೆ ಕಾಯುತ್ತಿರುವ ಕೆಲಸಗಳು, "ಬಿ" ಅಂದರೆ ಡಿಸ್ಕಿನಂಥದ್ದಕ್ಕೆ ಕಾಯುತ್ತಿರುವವು. ಬಲಗಡೆ ಸಿಪಿಯು ಸಮಯದ ಹಂಚಿಕೆ. ನಮ್ಮಲ್ಲಿ ಕಂಡದ್ದು: ಪ್ರೋಗ್ರಾಂಗಳಿಗೆ 9, ಕರ್ನೆಲ್‌ಗೆ (ಲಿನಕ್ಸ್‌ನ ತಿರುಳು) 3, ಖಾಲಿ 20, ಡಿಸ್ಕ್ ಕಾಯುವಿಕೆ 68 ಪರ್ಸೆಂಟ್. "ಆರ್" ಕಾಲಂನಲ್ಲಿ 1 ಅಥವಾ 2. "ಬಿ" ಕಾಲಂನಲ್ಲಿ 12, 13. ಸಿಪಿಯು ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು.

ನಿಮ್ಮದು ಕ್ಲೌಡ್ ಸರ್ವರ್ ಆದರೆ ಬಲಗಡೆಯ "ಎಸ್‌ಟಿ" ಕಾಲಂ ಮೇಲೂ ಕಣ್ಣಿಡಿ. ನಿಮಗೆ ಸಿಗಬೇಕಾದ ಸಿಪಿಯು ಸಮಯವನ್ನು ಅದೇ ಮೆಷಿನ್ ಹಂಚಿಕೊಂಡಿರುವ ಬೇರೆಯವರು ತಿನ್ನುತ್ತಿದ್ದರೆ ಅದು ಇಲ್ಲಿ ಕಾಣುತ್ತದೆ.

ಮುಂದಿನದು ರ‍್ಯಾಮ್. ಮಾಲೀಕರ ಕೊಟೇಶನ್‌ನಲ್ಲಿ "32 ಜಿಬಿ" ಅಂತ ದಪ್ಪಕ್ಷರದಲ್ಲಿತ್ತು. ಫ್ರೀ ಕಮಾಂಡ್ ಕೊಟ್ಟಾಗ "ಫ್ರೀ" ಕಾಲಂನಲ್ಲಿ ಬರೀ 300 ಎಂಬಿ ಕಂಡಿತು. ಅದನ್ನು ನೋಡಿಯೇ ಯಾರೋ ಅವರಿಗೆ ಹಾಗೆ ಹೇಳಿದ್ದು. ಆದರೆ ನೋಡಬೇಕಾದ ಕಾಲಂ ಅದಲ್ಲ, "ಅವೈಲಬಲ್". ಲಿನಕ್ಸ್ ಖಾಲಿ ರ‍್ಯಾಮನ್ನು ಸುಮ್ನೆ ಬಿಡುವುದಿಲ್ಲ. ಓದಿದ ಫೈಲ್‌ಗಳನ್ನು ಅಲ್ಲಿ ಇಟ್ಟುಕೊಳ್ಳುತ್ತದೆ, ಯಾರಾದರೂ ಕೇಳಿದರೆ ಜಾಗ ಬಿಡಿಸಿ ಕೊಡುತ್ತದೆ. ಅವೈಲಬಲ್ 5 ಜಿಬಿ ಇತ್ತು. ವಿಎಂಸ್ಟ್ಯಾಟ್‌ನ "ಎಸ್‌ಐ", "ಎಸ್‌ಒ" ಎರಡೂ ಸೊನ್ನೆ. ಸ್ವಾಪ್, ಅಂದರೆ ರ‍್ಯಾಮ್ ಸಾಲದೆ ಡಿಸ್ಕಿಗೆ ಸಾಗಿಸುವುದು, ಆಗುತ್ತಲೇ ಇಲ್ಲ. ಈ ಎರಡು ಕಾಲಂ ಒಂದೇ ಸಮನೆ ಓಡುತ್ತಿದ್ದರೆ ಮಾತ್ರ ರ‍್ಯಾಮ್ ನಿಜವಾಗಿ ಸಾಲುತ್ತಿಲ್ಲ ಅಂತ ಅರ್ಥ.

ಡಿಎಂಇಎಸ್‌ಜಿ ಕೊಟ್ಟರೆ ಕರ್ನೆಲ್ ಬರೆದ ಸಂದೇಶಗಳು ಬರುತ್ತವೆ. ಅದರಲ್ಲಿ ಎರಡು ವಿಷಯ ಹುಡುಕಿ. ರ‍್ಯಾಮ್ ಮುಗಿದು ಕರ್ನೆಲ್ ಯಾವುದಾದರೂ ಪ್ರೋಗ್ರಾಂ ಕೊಂದಿದೆಯಾ? ಡಿಸ್ಕಿನ ಎರರ್ ಇದೆಯಾ? ಎರಡರಲ್ಲಿ ಒಂದು ಸಿಕ್ಕರೂ ಉಳಿದದ್ದನ್ನು ಬಿಟ್ಟು ಅದನ್ನೇ ಹಿಡಿಯಿರಿ.

ಬ್ರೆಂಡನ್ ಗ್ರೆಗ್ ಅನ್ನುವ ಎಂಜಿನಿಯರ್ ಈ ಹುಡುಕಾಟಕ್ಕೆ ಒಂದು ಸುಲಭ ಕ್ರಮ ಕೊಟ್ಟಿದ್ದಾರೆ. ಪ್ರತಿಯೊಂದು ಭಾಗಕ್ಕೂ ಮೂರು ಪ್ರಶ್ನೆ: ಎಷ್ಟು ಹೊತ್ತು ಕೆಲಸದಲ್ಲಿದೆ, ಅದರ ಮುಂದೆ ಎಷ್ಟು ಸಾಲು ನಿಂತಿದೆ, ಎರರ್ ಏನಾದರೂ ಇದೆಯಾ. ಸಿಪಿಯು, ರ‍್ಯಾಮ್, ಡಿಸ್ಕ್, ನೆಟ್‌ವರ್ಕ್ ನಾಲ್ಕಕ್ಕೂ ಈ ಮೂರನ್ನು ಕೇಳಿ ಉತ್ತರ ಬರೆದಿಡಿ. ಗಾಬರಿಯ ಹೊತ್ತಿನಲ್ಲಿ ಇದು ತುಂಬಾ ಕೈ ಹಿಡಿಯುತ್ತದೆ.

ಹೆಜ್ಜೆ 4: ಸಾಲು ಎಲ್ಲಿ ನಿಂತಿದೆ ನೋಡಿ

ಈಗ ಡಿಸ್ಕ್. ಐಒಸ್ಟ್ಯಾಟ್ ಕಮಾಂಡಿಗೆ ಎಕ್ಸ್ ಆಯ್ಕೆ ಕೊಟ್ಟು, ಪಕ್ಕದಲ್ಲಿ 5 ಹಾಕಿ. ತುಂಬಾ ಕಾಲಂ ಬರುತ್ತವೆ. ನಾಲ್ಕು ಸಾಕು. ಸೆಕೆಂಡಿಗೆ ಎಷ್ಟು ಓದು, ಒಂದೊಂದು ಓದಿಗೆ ಎಷ್ಟು ಮಿಲಿಸೆಕೆಂಡ್, ಸಾಲು ಸರಾಸರಿ ಎಷ್ಟು ಉದ್ದ, ಎಷ್ಟು ಪರ್ಸೆಂಟ್ ಹೊತ್ತು ಡಿಸ್ಕ್ ಕೆಲಸದಲ್ಲಿತ್ತು. ನಮ್ಮಲ್ಲಿ ಬಂದದ್ದು: ಸೆಕೆಂಡಿಗೆ 72 ಓದು, ಒಂದೊಂದಕ್ಕೆ 180 ಮಿಲಿಸೆಕೆಂಡ್, ಸಾಲಿನ ಉದ್ದ 13, ಕೆಲಸದಲ್ಲಿದ್ದದ್ದು 100 ಪರ್ಸೆಂಟ್.

ಈ ಅಂಕಿಗಳು ಒಂದಕ್ಕೊಂದು ತಾಳೆಯಾಗುತ್ತವೆ ನೋಡಿ. 72 ಗುಣಿಸು 0.18 ಸೆಕೆಂಡ್, ಸುಮಾರು 13. ಜಾನ್ ಲಿಟಲ್ ಅನ್ನುವವರು 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರ ಇದು. ಒಳಗಿರುವವರ ಸಂಖ್ಯೆ ಅಂದರೆ ಬರುವ ವೇಗ ಗುಣಿಸು ಒಬ್ಬೊಬ್ಬರೂ ಒಳಗೆ ಕಳೆಯುವ ಸಮಯ. ಗಲ್ಲಾಕ್ಕೂ ಹೊಂದುತ್ತದೆ, ಡಿಸ್ಕಿಗೂ ಹೊಂದುತ್ತದೆ. ನಿಮ್ಮ ಅಳತೆಯೇ ತಪ್ಪಿದೆಯಾ ಅಂತ ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಸೆಕೆಂಡಿಗೆ 72 ಮಾತ್ರ ಯಾಕೆ? 7200 ಸುತ್ತಿನ ಡಿಸ್ಕ್ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಜಾಗ ಡಿಸ್ಕಿನ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4 ಮಿಲಿಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಅದರ ಮೇಲೆ ತಲೆ ಆ ಕಡೆ ಈ ಕಡೆ ಸರಿಯುವ ಸಮಯ. ಎಲ್ಲ ಕೂಡಿದರೆ ಚದುರಿದ ಓದುಗಳು ಸೆಕೆಂಡಿಗೆ ನೂರರ ಆಸುಪಾಸಿನಲ್ಲೇ ನಿಲ್ಲುತ್ತವೆ. ಕಂಪನಿ ಯಾವುದಾದರೂ ಆಗಲಿ, ಲೋಹದ ತಟ್ಟೆ ಅದಕ್ಕಿಂತ ಬೇಗ ತಿರುಗುವುದಿಲ್ಲ.

ಇನ್ನು "ಜೂನ್‌ವರೆಗೂ ಚೆನ್ನಾಗೇ ಇತ್ತಲ್ಲ" ಅನ್ನುವ ಪ್ರಶ್ನೆ. ಇದು ಎಲ್ಲರೂ ಕೇಳುವ ಪ್ರಶ್ನೆ, ನ್ಯಾಯವಾದದ್ದೂ ಹೌದು. ಒಂದೇ ಗಲ್ಲಾ ಇದೆ, ಜನ ಯಾವಾಗ ಬರುತ್ತಾರೆ ಅಂತ ಹೇಳಲಾಗುವುದಿಲ್ಲ ಅಂದುಕೊಳ್ಳಿ. ಗಲ್ಲಾ ಅರ್ಧ ಹೊತ್ತು ಕೆಲಸದಲ್ಲಿದ್ದರೆ, ಕಾಯುವುದೂ ಸೇರಿ ಒಬ್ಬರಿಗೆ ಆಗುವ ಸಮಯ ಸುಮಾರು ಎರಡು ಪಟ್ಟು. 80 ಪರ್ಸೆಂಟ್ ಹೊತ್ತು ಕೆಲಸದಲ್ಲಿದ್ದರೆ ಐದು ಪಟ್ಟು. 90ಕ್ಕೆ ಹತ್ತು ಪಟ್ಟು. 95ಕ್ಕೆ ಇಪ್ಪತ್ತು ಪಟ್ಟು. ಜನ ಸ್ವಲ್ಪವೇ ಜಾಸ್ತಿಯಾದರೂ ಕಾಯುವಿಕೆ ಒಮ್ಮೆಲೇ ನೆಗೆಯುತ್ತದೆ. ಮೇ ತಿಂಗಳಲ್ಲೂ ಆ ಡಿಸ್ಕ್ ಆರಾಮಾಗಿ ಇರಲಿಲ್ಲ. ಅಂಚಿಗೆ ಬಂದು ನಿಂತಿತ್ತು, ಯಾರೂ ನೋಡಿರಲಿಲ್ಲ.

ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್‌ನ ಡಿಸ್ಕ್) ಇದ್ದವರಿಗೆ ಒಂದು ಮಾತು. ಅದರಲ್ಲಿ 100 ಪರ್ಸೆಂಟ್ ಅಂಕಿ ನೋಡಿ ಹೆದರಬೇಡಿ. ಎಸ್‌ಎಸ್‌ಡಿ ಒಟ್ಟಿಗೆ ಹಲವು ಕೆಲಸ ಮಾಡುತ್ತದೆ. 100 ತೋರಿಸಿದರೂ ಇನ್ನೂ ಜಾಗ ಇರಬಹುದು. ಅಲ್ಲಿ ಒಂದು ಓದಿಗೆ ಹಿಡಿಯುವ ಮಿಲಿಸೆಕೆಂಡ್ ಏರಿದೆಯಾ ಅನ್ನುವುದೇ ಮುಖ್ಯ.

2018ರ ಕೊನೆಗೆ ಬಂದ ಕರ್ನೆಲ್ 4.20ರಿಂದ ಇನ್ನೊಂದು ಒಳ್ಳೆಯ ಮೀಟರ್ ಸೇರಿದೆ. ಪ್ರಾಕ್ ಫೋಲ್ಡರಿನ ಒಳಗೆ ಪ್ರೆಷರ್ ಅನ್ನುವ ಫೋಲ್ಡರ್. ಅದರಲ್ಲಿ ಸಿಪಿಯು, ಮೆಮೊರಿ, ಐಒ ಅಂತ ಮೂರು ಫೈಲ್. ತೆರೆದರೆ ಕಳೆದ 10, 60, 300 ಸೆಕೆಂಡಿನಲ್ಲಿ ಎಷ್ಟು ಪರ್ಸೆಂಟ್ ಹೊತ್ತು ಕೆಲಸಗಳು ಅದಕ್ಕಾಗಿ ಕಾದು ನಿಂತಿದ್ದವು ಅಂತ ನೇರವಾಗಿ ಬರೆದಿರುತ್ತದೆ. ಲೋಡ್ ಆವರೇಜ್‌ಗಿಂತ ಇದನ್ನು ಓದುವುದು ಎಷ್ಟೋ ಸುಲಭ. ಯಾಕೋ ಇದನ್ನು ಬಳಸುವವರು ಕಡಿಮೆ.

ಹೆಜ್ಜೆ 5: ಸಾಲು ಮಾಡಿದವರು ಯಾರು?

ಪಿಐಡಿಸ್ಟ್ಯಾಟ್ ಕಮಾಂಡಿಗೆ ಡಿ ಆಯ್ಕೆ, ಪಕ್ಕದಲ್ಲಿ 5. ಯಾವ ಪ್ರೋಗ್ರಾಂ ಎಷ್ಟು ಓದುತ್ತಿದೆ, ಎಷ್ಟು ಬರೆಯುತ್ತಿದೆ ಅಂತ ಬರುತ್ತದೆ. ನಮ್ಮಲ್ಲಿ ಮೇಲೆ ಇದ್ದದ್ದು ಮಾರಿಯಾಡಿಬಿ. ಓದು ಹೆಚ್ಚು, ಬರೆಯುವುದು ತೀರಾ ಕಡಿಮೆ. ಬಿಲ್ ಮಾಡುವ ಸಾಫ್ಟ್‌ವೇರ್ ಬರೆಯುವುದಕ್ಕಿಂತ ಇಷ್ಟು ಪಟ್ಟು ಓದುತ್ತಿದೆ ಅಂದರೆ ಎಲ್ಲೋ ಇಡೀ ಟೇಬಲ್ (ಡೇಟಾಬೇಸಿನ ಒಂದು ಪಟ್ಟಿ) ಓದುತ್ತಿದೆ ಅಂತ ಅನುಮಾನ ಬರಲೇಬೇಕು.

ಇದೇ ಹೊತ್ತಿನಲ್ಲಿ ಪಿಎಚ್‌ಪಿ ಸೆಟ್ಟಿಂಗ್ ನೋಡಿದೆ. ಒಟ್ಟಿಗೆ ಎಷ್ಟು ಕೋರಿಕೆ ನೋಡಿಕೊಳ್ಳಬಹುದು ಅನ್ನುವ ಮಿತಿ ಮೊದಲು 5 ಇತ್ತಂತೆ. ಹಿಂದಿನ ವರ್ಷ ಸ್ಲೋ ಆದಾಗ ಯಾರೋ ಅದನ್ನು 20ಕ್ಕೆ ಏರಿಸಿದ್ದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಒಂದೇ ಡಿಸ್ಕ್ ಮೇಲೆ 5 ಜನ ಬದಲು 20 ಜನ ಒಟ್ಟಿಗೆ ಬಿದ್ದರೆ ಡಿಸ್ಕಿನ ತಲೆ ಓಡಾಡುವುದರಲ್ಲೇ ಸಮಯ ಹೋಗುತ್ತದೆ. ಇಕ್ಕಟ್ಟಾದ ಬಾಗಿಲು ಒಳಗಿದ್ದಾಗ ಹೊರಬಾಗಿಲು ದೊಡ್ಡದು ಮಾಡಬಾರದು.

ಹೆಜ್ಜೆ 6: ಡೇಟಾಬೇಸಿನ ಒಳಗೆ

ನನ್ನ ಅನುಭವದಲ್ಲಿ ಸಣ್ಣ ಊರಿನ ಸರ್ವರ್‌ಗಳ ತೊಂದರೆ ಹೆಚ್ಚಾಗಿ ಇಲ್ಲೇ ಸಿಗುತ್ತದೆ. ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಡೇಟಾಬೇಸಿಗೆ ಕೇಳುವ ಒಂದೊಂದು ಪ್ರಶ್ನೆಯೂ ಒಂದು ಕ್ವೆರಿ. ಮೊದಲು ಸ್ಲೋ ಕ್ವೆರಿ ಲಾಗ್ ಆನ್ ಮಾಡಿ. ತಾನಾಗಿ ಅದು ಆನ್ ಇರುವುದಿಲ್ಲ. ಆನ್ ಮಾಡಿದರೂ 10 ಸೆಕೆಂಡಿಗಿಂತ ಜಾಸ್ತಿ ಹಿಡಿದದ್ದನ್ನು ಮಾತ್ರ ಬರೆಯುತ್ತದೆ. ಆ ಮಿತಿಯನ್ನು 1 ಸೆಕೆಂಡಿಗೆ ಇಳಿಸಿ. ಒಂದು ಬೆಳಗಿನ ವ್ಯಾಪಾರ ಪೂರ್ತಿ ಬಿಡಿ. ಆಮೇಲೆ ಮಾರಿಯಾಡಿಬಿ ಜೊತೆಗೇ ಬರುವ ಮಾರಿಯಾಡಿಬಿ-ಡಂಪ್‌ಸ್ಲೋ ಕಮಾಂಡಿನಿಂದ ಲಾಗನ್ನು ಗುಂಪು ಮಾಡಿ. ಒಂದೇ ಬಗೆಯ ಕ್ವೆರಿಗಳು ಒಟ್ಟಾಗಿ, ಎಷ್ಟು ಸಲ ಬಂದವು, ಒಟ್ಟು ಎಷ್ಟು ಸಮಯ ತಿಂದವು ಅಂತ ಸಿಗುತ್ತದೆ. ಒಂದೇ ಸಲ 50 ಸೆಕೆಂಡ್ ಹಿಡಿದ ವರದಿಗಿಂತ, 3 ಸೆಕೆಂಡಿನಂತೆ 400 ಸಲ ಬಂದ ಕ್ವೆರಿ ದೊಡ್ಡ ಕಳ್ಳ. ಒಟ್ಟು ಸಮಯದ ಪ್ರಕಾರವೇ ಜೋಡಿಸಿ ನೋಡಿ.

ನಮ್ಮಲ್ಲಿ ಮೇಲೆ ಬಂದ ಕ್ವೆರಿ ಒಂದೇ. ರೈತರ ಮೊಬೈಲ್ ನಂಬರ್ ಕೊಟ್ಟರೆ ಹಳೆಯ ಬಾಕಿ ಎಷ್ಟು ಅಂತ ಹುಡುಕುವುದು. ಬಿಲ್ ಬರೆಯುವ ಹುಡುಗ ಹೇಳಿದ್ದು ಇದನ್ನೇ!

ಆ ಕ್ವೆರಿಯ ಮುಂದೆ ಎಕ್ಸ್‌ಪ್ಲೇನ್ ಅನ್ನುವ ಪದ ಸೇರಿಸಿ ಓಡಿಸಿದರೆ ಡೇಟಾಬೇಸ್ ಅದನ್ನು ಹೇಗೆ ಮಾಡುತ್ತದೆ ಅಂತ ತೋರಿಸುತ್ತದೆ. "ಟೈಪ್" ಕಾಲಂನಲ್ಲಿ "ಆಲ್" ಅಂತ ಬಂತು. ಅಂದರೆ ಇಡೀ ಟೇಬಲನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತದೆ. ಟೇಬಲಿನಲ್ಲಿ ಸುಮಾರು 30 ಲಕ್ಷ ಸಾಲು, ಹತ್ತಿರ ಹತ್ತಿರ 600 ಎಂಬಿ. ಒಬ್ಬರೇ ಕೇಳಿದರೆ ನಾಲ್ಕೈದು ಸೆಕೆಂಡಿನಲ್ಲಿ ಮುಗಿಯುತ್ತದೆ. ಹತ್ತು ಜನ ಒಟ್ಟಿಗೆ ಕೇಳಿದಾಗ ಆ 40 ಸೆಕೆಂಡ್.

ವ್ಯಾಪಾರ ಮುಗಿದು ಮಧ್ಯಾಹ್ನ ಬಾಗಿಲು ಹಾಕಿದ ಮೇಲೆ, ಬ್ಯಾಕಪ್ ತೆಗೆದು, ಮೊಬೈಲ್ ನಂಬರ್ ಕಾಲಂ ಮೇಲೆ ಇಂಡೆಕ್ಸ್ ಹಾಕಿದೆ. ಮತ್ತೆ ಎಕ್ಸ್‌ಪ್ಲೇನ್. ಈಗಲೂ "ಆಲ್"! ಇಲ್ಲಿ ತುಂಬಾ ಜನ "ಇಂಡೆಕ್ಸ್‌ನಿಂದ ಏನೂ ಆಗಲಿಲ್ಲ" ಅಂತ ಬಿಟ್ಟುಬಿಡುತ್ತಾರೆ. ಕಾರಣ ಬೇರೆ ಇತ್ತು. ಟೇಬಲಿನಲ್ಲಿ ಮೊಬೈಲ್ ನಂಬರ್ ಅಕ್ಷರಗಳ ರೂಪದಲ್ಲಿ ಇದೆ. ಪ್ರೋಗ್ರಾಂ ಅದನ್ನು ಕೋಟ್ ಇಲ್ಲದೆ ಸಂಖ್ಯೆಯಾಗಿ ಕಳುಹಿಸುತ್ತಿತ್ತು. ಅಕ್ಷರದ ಕಾಲಮನ್ನು ಸಂಖ್ಯೆಯ ಜೊತೆ ಹೋಲಿಸಬೇಕಾದಾಗ ಮಾರಿಯಾಡಿಬಿಗೂ ಮೈಎಸ್‌ಕ್ಯೂಎಲ್‌ಗೂ ಆ ಇಂಡೆಕ್ಸ್ ಬಳಸಲು ಆಗುವುದಿಲ್ಲ. ಪ್ರತಿ ಸಾಲನ್ನೂ ಬದಲಾಯಿಸಿ ನೋಡಲೇಬೇಕು. ಪ್ರೋಗ್ರಾಂನಲ್ಲಿ ಒಂದು ಸಾಲು ತಿದ್ದಿ, ನಂಬರನ್ನು ಅಕ್ಷರವಾಗಿ ಕಳುಹಿಸಿದೆವು. ಎಕ್ಸ್‌ಪ್ಲೇನ್‌ನಲ್ಲಿ "ರೆಫ್" ಅಂತ ಬಂತು. ಓದಬೇಕಾದ ಸಾಲು 30 ಲಕ್ಷದಿಂದ ಕೆಲವೇ ಡಜನ್‌ಗೆ ಇಳಿಯಿತು.

ಇನ್ನೊಂದು ಸೆಟ್ಟಿಂಗ್ ಅಂದೆನಲ್ಲ, ಅದು ಇನ್ನೋಡಿಬಿ ಬಫರ್ ಪೂಲ್. ಡೇಟಾಬೇಸ್ ತನ್ನ ಡೇಟಾವನ್ನು ರ‍್ಯಾಮಿನಲ್ಲಿ ಇಟ್ಟುಕೊಳ್ಳುವ ಜಾಗ. ಯಾರೂ ಮುಟ್ಟದಿದ್ದರೆ ಅದು 128 ಎಂಬಿ. 600 ಎಂಬಿ ಟೇಬಲ್ ಅಲ್ಲಿ ಹಿಡಿಸುವುದು ಹೇಗೆ? ಒಂದು ಕಡೆ 5 ಜಿಬಿ ಉಪಯೋಗಕ್ಕೆ ಸಿದ್ಧವಿದೆ, ಇನ್ನೊಂದು ಕಡೆ ಡೇಟಾಬೇಸ್ ಪ್ರತಿ ಸಲ ಡಿಸ್ಕಿಗೆ ಓಡುತ್ತಿದೆ. ಹೊಸದಾಗಿ 32 ಜಿಬಿ ಹಾಕಿದ್ದರೂ ಡೇಟಾಬೇಸ್ ಅದೇ 128 ಎಂಬಿಯಲ್ಲಿ ಇಕ್ಕಟ್ಟಾಗಿ ಕೂರುತ್ತಿತ್ತು. ಬಫರ್ ಪೂಲನ್ನು 3 ಜಿಬಿ ಮಾಡಿದೆ. ಅದೇ ಮೆಷಿನ್ನಿನಲ್ಲಿ ಪಿಎಚ್‌ಪಿಯೂ ಇರುವುದರಿಂದ ಅದಕ್ಕಿಂತ ಏರಿಸಲಿಲ್ಲ. ಡೇಟಾಬೇಸ್ ಒಂದೇ ಇರುವ ಸರ್ವರ್ ಆದರೆ ಇನ್ನೂ ಧಾರಾಳವಾಗಿ ಕೊಡಬಹುದು.

ಈ ಎರಡು ಬದಲಾವಣೆಗಳನ್ನು ಒಂದೇ ದಿನ ಮಾಡಲಿಲ್ಲ. ಮೊದಲ ದಿನ ಇಂಡೆಕ್ಸ್. ಮಾರನೇ ಬೆಳಿಗ್ಗೆಯ ಅಂಕಿ ನೋಡಿ ಬರೆದುಕೊಂಡ ಮೇಲೆ ಬಫರ್ ಪೂಲ್. ಅದರ ಮರುದಿನ ಪಿಎಚ್‌ಪಿ ಮಿತಿ 20ರಿಂದ 8ಕ್ಕೆ. ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತು ಅಂತ ಗೊತ್ತಾಗುವುದಿಲ್ಲ. ಹಾಳಾದರೂ ಗೊತ್ತಾಗುವುದಿಲ್ಲ. ಇಂಡೆಕ್ಸ್ ಆದ ಮರುದಿನವೇ 950ನೆಯ ಅಂಕಿ 1 ಸೆಕೆಂಡಿನ ಕೆಳಗೆ ಬಂದಿತ್ತು.

ಹೆಜ್ಜೆ 7: ಬೇರೆ ಅನುಮಾನಗಳು

ನಿಮ್ಮ ತೊಂದರೆ ಬೇರೆ ಇರಬಹುದು. ಬೇಗ ಹೇಳಿಬಿಡುತ್ತೇನೆ.

ಡಿಸ್ಕ್ ತುಂಬಿರಬಹುದು. ಡಿಎಫ್ ಕಮಾಂಡಿಗೆ ಎಚ್ ಆಯ್ಕೆ ಕೊಟ್ಟು ನೋಡಿ. ಜಾಗ ಇದ್ದರೂ "ಜಾಗ ಇಲ್ಲ" ಅಂದರೆ ಐ ಆಯ್ಕೆ ಕೊಡಿ. ಲಕ್ಷಾಂತರ ಚಿಕ್ಕ ಫೈಲ್‌ಗಳು ಐನೋಡ್‌ಗಳನ್ನು (ಫೈಲಿಗೊಂದರಂತೆ ಬೇಕಾಗುವ ದಾಖಲೆ) ಮುಗಿಸಿರುತ್ತವೆ. ದೊಡ್ಡ ಲಾಗ್ ಫೈಲ್ ಅಳಿಸಿದರೂ ಜಾಗ ವಾಪಸ್ ಬರದಿದ್ದರೆ, ಯಾವುದೋ ಪ್ರೋಗ್ರಾಂ ಅದನ್ನು ಇನ್ನೂ ತೆರೆದಿಟ್ಟುಕೊಂಡಿದೆ. ಎಲ್‌ಎಸ್‌ಒಎಫ್ ಕಮಾಂಡ್ ಅದನ್ನು ತೋರಿಸುತ್ತದೆ.

ನೆಟ್‌ವರ್ಕ್ ಕಾರ್ಡ್ 1 ಗಿಗಾಬಿಟ್ ಬದಲು 100 ಮೆಗಾಬಿಟ್‌ಗೆ ಇಳಿದಿರಬಹುದು. ಆಗ ಸೆಕೆಂಡಿಗೆ 12.5 ಎಂಬಿಗಿಂತ ಜಾಸ್ತಿ ಹೋಗುವುದಿಲ್ಲ. ಈಥ್‌ಟೂಲ್ ಕೊಟ್ಟು ವೇಗ ನೋಡಿ. ಕೇಬಲಿನ ಎಂಟು ತಂತಿಯಲ್ಲಿ ಒಂದು ಸಡಿಲವಾಗಿದ್ದರೂ ಹೀಗಾಗಬಹುದು. ಇಲಿ ಕಡಿದ ಕೇಬಲನ್ನು ನಾನು ಎರಡು ಸಲ ಕಂಡಿದ್ದೇನೆ.

ಬೆಳಗಿನ ವ್ಯಾಪಾರದ ಹೊತ್ತಿಗೇ ಬ್ಯಾಕಪ್ ಓಡುವ ಹಾಗೆ ಟೈಮ್ ಹಾಕಿರಬಹುದು. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನ ಪಟ್ಟಿ ತೆರೆದು ನೋಡಿ.

ಬಿಸಿ. ಗೋಡೆಯ ಕಪಾಟಿನಲ್ಲಿ, ಬಾಕ್ಸ್‌ಗಳ ಹಿಂದೆ, ಗಾಳಿಯಾಡದ ಕಡೆ ಸರ್ವರ್ ಇಟ್ಟಿರುತ್ತಾರೆ. ಸಿಪಿಯು ತೀರಾ ಬಿಸಿಯಾದರೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಸೆನ್ಸರ್ಸ್ ಕಮಾಂಡ್ ಶಾಖ ತೋರಿಸುತ್ತದೆ. ಫ್ಯಾನಿನ ದೂಳು ಊದಿಸಿದರೆ ಸಾಕಾಗುವುದೂ ಉಂಟು.

ಸ್ಮಾರ್ಟ್‌ಸಿಟಿಎಲ್ ಕೊಟ್ಟು ಡಿಸ್ಕಿನ ಆರೋಗ್ಯವನ್ನು ತಿಂಗಳಿಗೊಮ್ಮೆಯಾದರೂ ನೋಡಿ. ಕೆಟ್ಟು ಬೇರೆ ಕಡೆಗೆ ಸ್ಥಳಾಂತರವಾದ ಸೆಕ್ಟರ್‌ಗಳ ಸಂಖ್ಯೆ ಏರುತ್ತಾ ಹೋದರೆ ಕಾಯಬೇಡಿ.

ಹೆಜ್ಜೆ 8: ಗ್ರಾಫ್ ಮತ್ತು ಎಚ್ಚರಿಕೆಯ ಮೆಸೇಜ್

ಒಂದೇ ಸರ್ವರ್ ಇದ್ದರೆ ನೆಟ್‌ಡೇಟಾ ಹಾಕಿಕೊಳ್ಳಿ. ಹೆಚ್ಚು ಸೆಟ್ಟಿಂಗ್ ಇಲ್ಲದೆ ಸೆಕೆಂಡ್ ಸೆಕೆಂಡಿನ ಗ್ರಾಫ್ ಬರುತ್ತದೆ. ನಾಲ್ಕೈದು ಸರ್ವರ್ ಇದ್ದರೆ ಅಂಕಿ ಕೂಡಿಡುವ ಪ್ರೊಮಿಥಿಯಸ್ ಮತ್ತು ಗ್ರಾಫ್ ತೋರಿಸುವ ಗ್ರಫಾನಾ ಜೋಡಿ ಒಳ್ಳೆಯದು. ಪ್ರೊಮಿಥಿಯಸ್ 2012ರಲ್ಲಿ ಸೌಂಡ್‌ಕ್ಲೌಡ್ ಕಂಪನಿಯಲ್ಲಿ ಶುರುವಾದದ್ದು, ಈಗ ಎಲ್ಲರಿಗೂ ಉಚಿತ. ಪ್ರತಿ ಸರ್ವರಿನಲ್ಲಿ ನೋಡ್ ಎಕ್ಸ್‌ಪೋರ್ಟರ್ ಅನ್ನುವ ಚಿಕ್ಕ ಪ್ರೋಗ್ರಾಂ ಇಟ್ಟರೆ ಅದು 9100 ಪೋರ್ಟಿನಲ್ಲಿ ಅಂಕಿಗಳನ್ನು ಕೊಡುತ್ತದೆ. ಆ ಪೋರ್ಟನ್ನು ಯಾವ ಕಾರಣಕ್ಕೂ ಇಂಟರ್ನೆಟ್ಟಿಗೆ ತೆರೆಯಬೇಡಿ.

ಪ್ರೊಮಿಥಿಯಸ್ ಹೇಳದಿದ್ದರೆ 15 ದಿನದ ಅಂಕಿಗಳನ್ನಷ್ಟೇ ಇಟ್ಟುಕೊಳ್ಳುತ್ತದೆ. ನಮ್ಮ ಕಡೆಗೆ ಅದು ಹೊಂದುವುದಿಲ್ಲ. ಟೊಮೆಟೊ ಸೀಸನ್ ವರ್ಷಕ್ಕೊಮ್ಮೆ ಉಕ್ಕುತ್ತದೆ. ಈ ಜುಲೈಯನ್ನು ಹೋದ ಜುಲೈ ಜೊತೆ ಹೋಲಿಸಬೇಕು, ಜನವರಿ ಜೊತೆ ಅಲ್ಲ. ಕಾಲೇಜಾದರೆ ರಿಸಲ್ಟ್ ದಿನವನ್ನು ರಿಸಲ್ಟ್ ದಿನದ ಜೊತೆ. ಕನಿಷ್ಠ 400 ದಿನ ಇಟ್ಟುಕೊಳ್ಳಿ.

ಎಚ್ಚರಿಕೆಯ ಮೆಸೇಜ್‌ಗಳಲ್ಲಿ ಕೈ ಬಿಗಿ ಇರಲಿ. ದಿನಕ್ಕೆ 30 ಮೆಸೇಜ್ ಬಂದರೆ ಮೂರನೇ ದಿನದಿಂದ ಯಾರೂ ಓದುವುದಿಲ್ಲ. ನಾನು ಇಟ್ಟಿರುವುದು ನಾಲ್ಕೇ. ಬಿಲ್ ಪುಟದ 95ನೇ ಪರ್ಸೆಂಟೈಲ್ (ಸಾವಿರದಲ್ಲಿ 950ನೆಯ ಅಂಕಿ ಅಂದೆನಲ್ಲ, ಅದೇ) 5 ನಿಮಿಷ ಸತತವಾಗಿ 3 ಸೆಕೆಂಡ್ ದಾಟಿದರೆ. ಡಿಸ್ಕ್ ಜಾಗ 85 ಪರ್ಸೆಂಟ್ ತುಂಬಿದರೆ. ರಾತ್ರಿಯ ಬ್ಯಾಕಪ್ ಆಗದಿದ್ದರೆ. ಯುಪಿಎಸ್ ಬ್ಯಾಟರಿಗೆ ಬದಲಾದರೆ. ಸಿಪಿಯು ಜಾಸ್ತಿ ಆಯಿತು ಅಂತ ಮೆಸೇಜ್ ಇಟ್ಟಿಲ್ಲ. ಬಿಲ್ ಬೇಗ ಬರುತ್ತಿದ್ದರೆ ಸಿಪಿಯು ದುಡಿಯಲಿ ಬಿಡಿ.

ಹೆಜ್ಜೆ 9: ಮುಂದಿನ ಸೀಸನ್‌ಗೆ ಮೊದಲೇ ಒಂದು ಪರೀಕ್ಷೆ

ಇದನ್ನು ಏಪ್ರಿಲ್‌ನಲ್ಲಿ ಮಾಡಿ, ಜೂನ್ ಬರುವವರೆಗೆ ಕಾಯಬೇಡಿ. ಡೇಟಾಬೇಸಿನ ಒಂದು ಪ್ರತಿಯನ್ನು ಬೇರೆ ಮೆಷಿನ್ನಿನಲ್ಲಿ ಇಡಿ. ಓಡುತ್ತಿರುವ ಸರ್ವರ್ ಮೇಲೆ ಈ ಪ್ರಯೋಗ ಬೇಡ. ಹಳೆಯ ಎನ್‌ಜಿನ್‌ಎಕ್ಸ್ ಲಾಗ್ ತೆರೆದು, ಅತಿ ಗದ್ದಲದ ನಿಮಿಷದಲ್ಲಿ ಎಷ್ಟು ಕೋರಿಕೆ ಬಂದಿದ್ದವು ಎಣಿಸಿ. ಜೆಮೀಟರ್ ಅನ್ನುವ ಪರೀಕ್ಷೆಯ ಪ್ರೋಗ್ರಾಂನಿಂದ ಅಷ್ಟೇ ಕೋರಿಕೆ ಕಳುಹಿಸಿ. ಆಮೇಲೆ ಒಂದೂವರೆ ಪಟ್ಟು. ಆಮೇಲೆ ಎರಡು ಪಟ್ಟು. ಒಂದೇ ಮೊಬೈಲ್ ನಂಬರನ್ನು ಮತ್ತೆ ಮತ್ತೆ ಕಳುಹಿಸಬೇಡಿ, ಅದು ರ‍್ಯಾಮಿನಿಂದಲೇ ಬಂದುಬಿಡುತ್ತದೆ. ಸಾವಿರಾರು ಬೇರೆ ಬೇರೆ ನಂಬರ್ ಇರಲಿ. ಪ್ರತಿ ಸುತ್ತಿನಲ್ಲೂ 95ನೇ ಪರ್ಸೆಂಟೈಲ್, ಐಒಸ್ಟ್ಯಾಟ್, ವಿಎಂಸ್ಟ್ಯಾಟ್ ಬರೆದುಕೊಳ್ಳಿ. ಯಾವ ಸುತ್ತಿನಲ್ಲಿ ಸಮಯ ಒಮ್ಮೆಲೇ ನೆಗೆಯಿತೋ ಅಲ್ಲಿಗೆ ನಿಮ್ಮ ಸರ್ವರಿನ ಮಿತಿ ಸಿಕ್ಕಿತು.

ಆ ಮಂಡಿಯಲ್ಲಿ ಹೀಗೆ ನೋಡಿದಾಗ ಎರಡು ಪಟ್ಟು ಗದ್ದಲಕ್ಕೂ ಹಳೆಯ ಮೆಷಿನ್ ಸಾಕು ಅಂತ ತಿಳಿಯಿತು. ಆದರೆ ಹಾರ್ಡ್ ಡಿಸ್ಕಿನ ಕೆಟ್ಟ ಸೆಕ್ಟರ್ ಸಂಖ್ಯೆ ಅದಕ್ಕೆ ಮೊದಲಿನ ಮೂರು ತಿಂಗಳಲ್ಲಿ ಎರಡು ಸಲ ಏರಿತ್ತು. ಮಾಲೀಕರಿಗೆ ಪುಸ್ತಕದಲ್ಲಿ ಬರೆದಿದ್ದ ಅಂಕಿ ತೋರಿಸಿದೆ. ಹೊಸ ಸರ್ವರಿಗೆ ಎತ್ತಿಟ್ಟಿದ್ದ ದುಡ್ಡಿನಲ್ಲಿ ಚಿಕ್ಕ ಭಾಗ ತೆಗೆದು ಎರಡು ಎಸ್‌ಎಸ್‌ಡಿ ತಂದು, ಒಂದಕ್ಕೊಂದು ನಕಲಾಗುವ ಹಾಗೆ ಜೋಡಿಸಿದೆವು. ಅದಾದ ಮೇಲೆ ಮತ್ತೆ ಒಂದು ವಾರ ಎಲ್ಲ ಅಂಕಿಗಳನ್ನೂ ಹೊಸದಾಗಿ ಬರೆದಿಟ್ಟುಕೊಂಡೆ. ಡಿಸ್ಕ್ ಬದಲಾದ ಮೇಲೆ ಹಳೆಯ ರೀಡಿಂಗ್ ಹೋಲಿಕೆಗೆ ಬರುವುದಿಲ್ಲ.